ಜ್ಯಾಂಗೊ ಚೌಕಟ್ಟಿನಲ್ಲಿ ಮಾದರಿಗಳ ದಾಯ: ಶಾಸನಸೂಚಿಯೊಂದರ ದೃಷ್ಟಿಯಿಂದ ವಿಮರ್ಶೆ

ನಮ್ಮ ವಿಭಾಗದಲ್ಲಿ ಸಂಗ್ರಹವಾಗಿರುವ ಶಾಸನಗಳ ಪಡಿಯಚ್ಚುಗಳಿಗೂ ಕ್ಷೇತ್ರಕಾರ್ಯದ ಟಿಪ್ಪಣಿಗಳಿಗೂ ಗಣಕಯಂತ್ರದಲ್ಲಿ ಒಂದು ಸೂಚಿಯನ್ನು ಸಿದ್ಧಪಡಿಸುವ ಕಾರ್ಯ ಕೆಲವು ವರ್ಷಗಳಿಂದ ನಡೆದುಬಂದಿದೆ. ಆ ಸೂಚಿಗೆ ಆಧಾರವಾಗಿರುವುದು ಪೈಥಾನ್ ಭಾಷೆಯಲ್ಲಿ ರಚಿತವಾದ ಜ್ಯಾಂಗೊ ಎಂಬ ವೆಬ್ ಚೌಕಟ್ಟು. ಚರಿತ್ರೆಯ ವಿಭಾಗದ ಸಂಶೋಧನ ಸಂಚಿಕೆಯಲ್ಲಿ ಗಣಕದ ವಿಚಾರಕ್ಕೆ ಎಡೆಯೇಕೆ ಎಂದು ವಾಚಕರು ಶಂಕಿಸಬಹುದು. ಆ ಚೌಕಟ್ಟು ದತ್ತಾಂಶವನ್ನು ಇರಿಸಿಕೊಳ್ಳುವ ಕ್ರಮಗಳಲ್ಲಿ ಒಂದನ್ನು, ಅಂದರೆ ಒಂದು ಮಾದರಿಯಿಂದ ಇನ್ನೊಂದು ಮಾದರಿಯನ್ನು ಹುಟ್ಟಿಸುವ ಕ್ರಮವನ್ನು, ನಾವು ಸೂಚಿಯ ಅಡಿಪಾಯದಲ್ಲಿಯೇ ಬಳಸಿದೆವು. ಅದರ ಫಲವಾಗಿ ಒಂದು ಕಲ್ಲಿನ ವಾಚನವನ್ನು ಕಳೆದುಕೊಂಡೆವು. ಇಂಥ ಕ್ರಮ ಯಾವ ಬಗೆಯ ಆಕರಗಳಿಗೆ ಒಗ್ಗುತ್ತದೆ, ಯಾವುದಕ್ಕೆ ಒಗ್ಗುವುದಿಲ್ಲ ಎಂಬುದು ಆಕರಗಳನ್ನು ಬಳಸುವವರೇ ವಿಚಾರಿಸಬೇಕಾದ ಪ್ರಶ್ನೆಯೆಂದು ನಾವು ಬಗೆಯುತ್ತೇವೆ. ನಾವು ಯಂತ್ರಶಾಸ್ತ್ರಜ್ಞರಲ್ಲ, ಈ ಲೇಖನವೂ ಆ ಶಾಸ್ತ್ರದ ಪಾಠವಲ್ಲ.

ಮೊದಲು ವಿಷಯವನ್ನು ಸ್ಥೂಲವಾಗಿ ನಿರೂಪಿಸುವುದು ಅಗತ್ಯ. ದತ್ತಸಂಚಯ, ಅಂದರೆ ಡೇಟಾಬೇಸ್, ಎಂಬುದು ಕೋಷ್ಟಕಗಳ ಸಮೂಹ. ಒಂದೊಂದು ಕೋಷ್ಟಕದಲ್ಲಿಯೂ ಅಡ್ಡಸಾಲುಗಳೂ ಅಂಕಣಗಳೂ ಇರುತ್ತವೆ. ಜ್ಯಾಂಗೊ ಚೌಕಟ್ಟಿನಲ್ಲಿ ಈ ಕೋಷ್ಟಕಗಳನ್ನು ನಾವು ನೇರವಾಗಿ ಕಟ್ಟುವುದಿಲ್ಲ. ಪೈಥಾನ್ ಭಾಷೆಯ ವರ್ಗಗಳಾಗಿ ಬರೆಯುತ್ತೇವೆ. ಅವಕ್ಕೆ ಮಾಡೆಲ್, ಎಂದರೆ ಮಾದರಿ, ಎಂದು ಹೆಸರು. ಹೀಗೆ ಬರೆದ ‘ಶಾಸನ’ ಎಂಬ ಮಾದರಿಯಿಂದ ‘ದಾನಶಾಸನ’, ‘ವೀರಗಲ್ಲು’, ‘ನಿಸಿದಿಗಲ್ಲು’ ಎಂಬ ಉಪಮಾದರಿಗಳನ್ನು ಹುಟ್ಟಿಸಿದರೆ, ಮೂಲಮಾದರಿಯ ಅಂಕಣಗಳೆಲ್ಲ ಉಪಮಾದರಿಗಳಿಗೆ ತಾವಾಗಿಯೇ ದೊರೆಯುತ್ತವೆ. ಊರು, ಲಿಪಿ, ಭಾಷೆ, ಕಾಲ, ಪಂಕ್ತಿಗಳ ಸಂಖ್ಯೆ, ಇವನ್ನು ಮೂರು ಬಾರಿ ಬರೆಯಬೇಕಾಗಿಲ್ಲ. ಇಂಗ್ಲಿಷಿನವರು ಇದಕ್ಕೆ ಇಟ್ಟಿರುವ ಹೆಸರು ಇನ್‌ಹೆರಿಟೆನ್ಸ್.

ಈ ಹೆಸರಿನಲ್ಲಿಯೇ ಒಂದು ತೊಡಕು ಅಡಗಿದೆ. ತಂದೆಯ ಮೂಗು ಮಗನಿಗೆ ಬಂದರೂ, ತಂದೆಯ ಗದ್ದೆ ಮಗನಿಗೆ ಬಂದರೂ ಇಂಗ್ಲಿಷಿನಲ್ಲಿ ಮಾತು ಒಂದೇ. ನಮ್ಮಲ್ಲಿ ಹಾಗಲ್ಲ, ಮೊದಲನೆಯದು ಆನುವಂಶಿಕತೆ, ಎರಡನೆಯದು ದಾಯ. ಮೂಗು ಬಂದವನು ಅದನ್ನು ತನ್ನ ಮುಖದಲ್ಲಿಯೇ ಹೊತ್ತಿರುತ್ತಾನೆ. ಗದ್ದೆಯಾದರೋ, ಪಾಲಾಗುವ ತನಕ ಒಂದೇ ಗದ್ದೆ. ಮಕ್ಕಳೆಲ್ಲರೂ ಅಲ್ಲಿಗೇ ಹೋಗಿ ಉಳಬೇಕು. ಜ್ಯಾಂಗೊದಲ್ಲಿ ಈ ಎರಡು ಬಗೆಗಳೂ ಒಂದೇ ಹೆಸರಿನ ಕೆಳಗೆ ಇವೆ. ಅಮೂರ್ತ ಮಾದರಿಯೆಂದು ಸಾರಿದ ಮೂಲಮಾದರಿಗೆ ತನ್ನದೆಂಬ ಕೋಷ್ಟಕವೇ ಇರುವುದಿಲ್ಲ. ಅದರ ಅಂಕಣಗಳು ಪ್ರತಿಯೊಂದು ಉಪಮಾದರಿಯ ಕೋಷ್ಟಕದಲ್ಲಿಯೂ ಬೇರೆ ಬೇರೆಯಾಗಿ ಮೂಡುತ್ತವೆ. ಇದು ಮೂಗಿನ ಬಗೆ. ಬಹುಕೋಷ್ಟಕ ದಾಯದಲ್ಲಿಯಾದರೋ ಮೂಲಮಾದರಿಗೆ ಒಂದು ಕೋಷ್ಟಕವಿರುತ್ತದೆ, ಉಪಮಾದರಿಗೆ ಇನ್ನೊಂದು. ಎರಡರ ನಡುವೆ ಒಂದಕ್ಕೊಂದರ ಕೊಂಡಿಯನ್ನು ಚೌಕಟ್ಟೇ ಹೊಸೆಯುತ್ತದೆ. ದಾನಶಾಸನದ ಊರನ್ನು ತಿಳಿಯಬೇಕಾದರೆ ಯಂತ್ರವು ಶಾಸನದ ಕೋಷ್ಟಕಕ್ಕೆ ಹೋಗಿ ಬರಬೇಕು. ಇದು ಗದ್ದೆಯ ಬಗೆ. ಈ ಲೇಖನದಲ್ಲಿ ಒಟ್ಟು ಪದ್ಧತಿಗೆ ‘ದಾಯ’ ಎಂಬ ಮಾತನ್ನೇ ಬಳಸುತ್ತೇವೆ. ಏತಕ್ಕೆಂದರೆ ನಮ್ಮ ಆಕ್ಷೇಪಣೆಯೆಲ್ಲ ಈ ಎರಡನೆಯ ಬಗೆಯನ್ನೇ ಕುರಿತದ್ದು. (ಕಲ್ಯಾಣದ ಚಾಳುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದ ವಿಜ್ಞಾನೇಶ್ವರನ ಮಿತಾಕ್ಷರೆಯು ಪಿತ್ರಾರ್ಜಿತ ಸ್ವತ್ತಿನಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಕೊಡುತ್ತದೆ. ಮಗನು ತೀರಿಕೊಂಡರೆ ತಂದೆಯೂ ಇಲ್ಲವಾಗುತ್ತಾನೆ ಎಂದು ಮಾತ್ರ ಯಾವ ಸ್ಮೃತಿಕಾರನೂ ಬರೆದಿಲ್ಲ. ಈ ಮಾತನ್ನು ಇಲ್ಲಿ ಏಕೆ ಹೇಳಿದೆವೆಂಬುದು ಮುಂದೆ ತಿಳಿಯುತ್ತದೆ.)

ಈ ಚೌಕಟ್ಟಿನ ಹುಟ್ಟನ್ನು ನೋಡುವುದು ಉಪಯುಕ್ತ. ಅಮೆರಿಕೆಯ ಕ್ಯಾನ್ಸಸ್ ಸಂಸ್ಥಾನದ ಲಾರೆನ್ಸ್ ಎಂಬ ಊರಿನಲ್ಲಿ, ‘ಲಾರೆನ್ಸ್ ಜರ್ನಲ್-ವರ್ಲ್ಡ್’ ಎಂಬ ದಿನಪತ್ರಿಕೆಯ ಅಂತರಜಾಲ ವಿಭಾಗದಲ್ಲಿ, 2003ರಲ್ಲಿ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲ್ಲಿಸನ್ ಎಂಬವರು ಇದನ್ನು ಕಟ್ಟತೊಡಗಿದರು. 2005ರಲ್ಲಿ ಇದು ಸಾರ್ವಜನಿಕರ ಕೈಗೆ ಬಂದಿತು. ಮಾದರಿಗಳ ದಾಯವು ಇಂದಿನ ರೂಪದಲ್ಲಿ ಸೇರಿದುದು 2008ರ 1.0 ಆವೃತ್ತಿಯಲ್ಲಿ, ಪ್ರಾಕ್ಸಿ ಎಂಬ ಮೂರನೆಯ ಬಗೆ 2009ರ 1.1ರಲ್ಲಿ. ಪತ್ರಿಕಾಲಯದಲ್ಲಿ ವರದಿಯು ವರದಿಯೆಂದೇ ಹುಟ್ಟುತ್ತದೆ, ಛಾಯಾಚಿತ್ರವು ಛಾಯಾಚಿತ್ರವೆಂದೇ. ಅದನ್ನು ರಚಿಸಿದವನೇ ಅದರ ಜಾತಿಯನ್ನೂ ಗೊತ್ತುಮಾಡಿರುತ್ತಾನೆ. ಹತ್ತು ವರ್ಷ ಕಳೆದ ಮೇಲೆ ‘ಇದು ವರದಿಯಲ್ಲ, ಛಾಯಾಚಿತ್ರ’ ಎಂದು ಯಾರೂ ತಿದ್ದುವುದಿಲ್ಲ. ಇಂಥ ಮನೆಯಲ್ಲಿ ಬೆಳೆದ ಸಾಧನಕ್ಕೆ ಜಾತಿಯೆಂಬುದು ವಸ್ತುವಿನ ಸ್ವಭಾವವಾಗಿ ಕಂಡರೆ ಆಶ್ಚರ್ಯವಿಲ್ಲ. ಶಾಸನಗಳ ಪ್ರಪಂಚದಲ್ಲಿ ಜಾತಿಯನ್ನು ನಿರ್ಣಯಿಸುವವನು ಕಲ್ಲುಕುಟಿಗನಲ್ಲ, ಸಾವಿರ ವರ್ಷ ತಡವಾಗಿ ಬಂದ ಓದುಗ. ಆತನ ನಿರ್ಣಯ ಬದಲಾಗುತ್ತದೆ, ಬದಲಾಗಬೇಕು.

ಇನ್ನೂ ಹಿಂದಕ್ಕೆ ಹೋದರೆ ಎರಡು ಪರಂಪರೆಗಳು ಇಲ್ಲಿ ಬಂದು ಕೂಡಿರುವುದು ಕಾಣುತ್ತದೆ. ಒಂದು, ನಾರ್ವೆ ದೇಶದ ಓಸ್ಲೋ ನಗರದಲ್ಲಿ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗೋರ್ ರಚಿಸಿದ ಸಿಮುಲ 67 ಎಂಬ ಭಾಷೆ; ವರ್ಗ, ಉಪವರ್ಗ ಎಂಬ ಕಲ್ಪನೆಗಳ ಮೂಲ ಅಲ್ಲಿದೆ. ಇನ್ನೊಂದು, ಐ.ಬಿ.ಎಂ. ಸಂಸ್ಥೆಯಲ್ಲಿದ್ದ ಇ. ಎಫ್. ಕಾಡ್ 1970ರಲ್ಲಿ ಪ್ರಕಟಿಸಿದ, ದತ್ತಸಂಚಯಗಳ ಸಂಬಂಧಾತ್ಮಕ ಮಾದರಿಯನ್ನು ಪ್ರತಿಪಾದಿಸುವ ಪ್ರಬಂಧ. ಕಾಡ್ ಆಗ ವಾದಿಸಿದುದು ಮರದಂತೆ ಕವಲೊಡೆದ ಕಡತಗಳ ವಿರುದ್ಧವಾಗಿ. ಯಂತ್ರದ ಬಿಡಿಭಾಗಗಳು ಮತ್ತು ಕಾಮಗಾರಿಗಳು ಎಂಬ ಒಂದೇ ದತ್ತಾಂಶವನ್ನು ಐದು ಬೇರೆ ಬೇರೆ ವಿನ್ಯಾಸಗಳಲ್ಲಿ ಜೋಡಿಸಬಹುದೆಂದೂ, ಒಂದು ವಿನ್ಯಾಸವನ್ನು ನಂಬಿ ಬರೆದ ಕ್ರಮವಿಧಿಯು ಇನ್ನೊಂದರಲ್ಲಿ ಕೆಡುತ್ತದೆಂದೂ ಆತ ತೋರಿಸಿದ. ಯಾವುದರ ಕೆಳಗೆ ಯಾವುದು ಎಂಬುದು ದತ್ತಾಂಶದಲ್ಲಿ ಇಲ್ಲ, ಅದನ್ನು ಜೋಡಿಸಿದವನ ತಲೆಯಲ್ಲಿದೆ ಎಂಬುದು ಅದರ ತಾತ್ಪರ್ಯವೆಂದು ನಾವು ಗ್ರಹಿಸಿದ್ದೇವೆ. ಕೋಷ್ಟಕಗಳ ಮೇಲೆ ವರ್ಗಗಳ ದಾಯವನ್ನು ಹೇರಿದಾಗ, ಕಾಡ್ ಹೊರಗೆ ಹಾಕಿದ ಮರವೇ ಹಿಂಬಾಗಿಲಿನಿಂದ ಒಳಕ್ಕೆ ಬರುತ್ತದೆ.

ಮಾರ್ಟಿನ್ ಫೌಲರ್ 2002ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂಥ ಹೇರಿಕೆಯ ಮೂರು ವಿಧಾನಗಳನ್ನು ವಿವರಿಸಿದ್ದಾನೆ. ಅವುಗಳಲ್ಲಿ ಎಲ್ಲ ಜಾತಿಗಳನ್ನೂ ಒಂದೇ ಕೋಷ್ಟಕದಲ್ಲಿಟ್ಟು ಜಾತಿಯ ಹೆಸರನ್ನು ಒಂದು ಅಂಕಣದಲ್ಲಿ ಬರೆಯುವ ವಿಧಾನವನ್ನು ರೂಬಿ ಆನ್ ರೈಲ್ಸ್ ಚೌಕಟ್ಟು ಅನುಸರಿಸಿದೆ. ಜ್ಯಾಂಗೊ ಅದನ್ನು ತಾನಾಗಿ ಒದಗಿಸುವುದಿಲ್ಲ. ಆ ವಿಧಾನದಲ್ಲಿ ಬರಿಯ ಅಂಕಣಗಳು ಬಹಳ ಉಳಿಯುತ್ತವೆಂಬ ದೂರು ಇದೆ. ಇರಲಿ, ಅದರಲ್ಲಿ ಜಾತಿಯನ್ನು ತಿದ್ದುವುದಾದರೂ ಸುಲಭ.

ನಾವು ಆರಿಸಿಕೊಂಡದ್ದು ಬಹುಕೋಷ್ಟಕ ದಾಯವನ್ನು. ಅದಕ್ಕೆ ಕಾರಣವೂ ಇದ್ದಿತು. ಅಮೂರ್ತ ಮಾದರಿಗೆ ಕೋಷ್ಟಕವಿಲ್ಲವಾದ್ದರಿಂದ ಇನ್ನೊಂದು ಕೋಷ್ಟಕವು ಅದನ್ನು ಬೊಟ್ಟುಮಾಡಿ ತೋರಿಸಲಾರದು. ಪಡಿಯಚ್ಚುಗಳನ್ನೂ ಛಾಯಾಚಿತ್ರಗಳನ್ನೂ ವಾಚನಗಳನ್ನೂ ‘ಶಾಸನ’ಕ್ಕೆ ಕಟ್ಟುವುದು ಸಾಧ್ಯವಾಗುವುದಿಲ್ಲ, ದಾನಶಾಸನಕ್ಕೆ ಒಂದು ಬಾರಿ, ವೀರಗಲ್ಲಿಗೆ ಒಂದು ಬಾರಿ ಬೇರೆ ಬೇರೆಯಾಗಿ ಕಟ್ಟಬೇಕು. ಬಹುಕೋಷ್ಟಕದಲ್ಲಿ ಆ ಕಷ್ಟವಿಲ್ಲ. ಉಪಮಾದರಿಯ ಪ್ರತಿಯೊಂದು ಪ್ರಶ್ನೆಗೂ ಎರಡು ಕೋಷ್ಟಕಗಳನ್ನು ಜೋಡಿಸಬೇಕಾಗಿ ಬಂದು ಯಂತ್ರ ನಿಧಾನವಾಗುತ್ತದೆಂದು ಹೇಳುವುದುಂಟು. ಈ ಆಕ್ಷೇಪಣೆಗೆ ನಾವು ಹೆಚ್ಚಿನ ಬೆಲೆ ಕೊಡಲಾರೆವು. ನಮ್ಮ ಸೂಚಿಯಲ್ಲಿರುವುದು ಕೆಲವು ಸಾವಿರ ಕಲ್ಲುಗಳು. ಅಷ್ಟರಲ್ಲಿ ನಿಧಾನವೆಂಬುದು ಯಾರ ಅರಿವಿಗೂ ಬಾರದು. ದೋಷವಿರುವುದು ಬೇರೆಡೆ.

ಆತಕೂರಿನ ಶಾಸನವನ್ನು ತೆಗೆದುಕೊಳ್ಳೋಣ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿದ್ದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಕ್ರಿ.ಶ. 949–50ಕ್ಕೆ ಸೇರಿದ ಈ ಕಲ್ಲು ನಮ್ಮ ಚರಿತ್ರೆಯ ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾದುದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿ ಗಂಗ ಬೂತುಗನು ಕಾದಿ ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಸಂಗತಿಯನ್ನು ಅದು ಹೇಳುತ್ತದೆ. ಬೂತುಗನ ಸೇವಕ ಮಣಲೇರನು ಶೌರ್ಯಕ್ಕೆ ಮೆಚ್ಚಾಗಿ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದುದನ್ನೂ, ಆ ನಾಯಿ ಕಾಡುಹಂದಿಯೊಡನೆ ಹೋರಾಡಿ ಎರಡೂ ಮಡಿದುದನ್ನೂ, ಅದರ ನೆನಪಿಗೆ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಲ್ಲಿಸಿ ಭೂಮಿಯನ್ನು ಬಿಟ್ಟುದನ್ನೂ ಹೇಳುತ್ತದೆ. ಬೂತುಗನಿಗೂ ಮಣಲೇರನಿಗೂ ಸಂದ ಕೊಡುಗೆಗಳ ಮಾತೂ ಇದೆ. ಕಲ್ಲಿನ ಮೇಲ್ಭಾಗದಲ್ಲಿ ನಾಯಿಯೂ ಹಂದಿಯೂ ಸೆಣಸುವ ಶಿಲ್ಪವಿದೆ. ಇದು ವೀರಗಲ್ಲೋ, ದಾನಶಾಸನವೋ, ರಾಜಕೀಯ ಘಟನೆಯ ದಾಖಲೆಯೋ? ಮೂರೂ ಹೌದು. ಆದರೆ ನಮ್ಮ ಸೂಚಿಯಲ್ಲಿ ನಮೂದು ಮಾಡುವಾಗ ಯಾವುದಾದರೊಂದು ಉಪಮಾದರಿಯ ನಮೂನೆಯನ್ನು ತೆರೆಯಬೇಕಾಗಿದ್ದಿತು.

ಇಂಥ ಕಲ್ಲು ಅಪವಾದ, ಅಪವಾದಕ್ಕಾಗಿ ನಿಯಮವನ್ನು ಬಿಡಲಾಗದು ಎಂದು ಹೇಳಬಹುದು. ಹಾಗೆ ಹೇಳುವವರು ‘ನೆತ್ತರುಗೊಡಗೆ’ ಎಂಬ ಮಾತನ್ನು ಆಲೋಚಿಸಬೇಕು. ಕಾದಿ ಸತ್ತವನ ಮನೆಯವರಿಗೆ ಬಿಟ್ಟ ಭೂಮಿಗೆ ಆ ಹೆಸರು. ಅದನ್ನು ದಾಖಲಿಸುವ ಕಲ್ಲು ವೀರನ ಸಾವನ್ನೂ ದಾನವನ್ನೂ ಒಟ್ಟಿಗೆ ಹೇಳದೆ ಗತ್ಯಂತರವಿಲ್ಲ. ಸುಮಾರು ಕ್ರಿ.ಶ. 450ರದೆಂದು ಬಹುಮಂದಿ ವಿದ್ವಾಂಸರು ಎಣಿಸುವ ಹಲ್ಮಿಡಿಯ ಶಾಸನದಲ್ಲಿಯೇ, ಕಾದಿದವನಿಗೆ ಸಂದ ‘ಬಾಳ್ಗಳ್ಚು’ ಎಂಬ ಕೊಡುಗೆ ಬಂದಿದೆ. ಹೀಗೆ ಶೌರ್ಯ ಮತ್ತು ದಾನಗಳು ನಮಗೆ ದೊರೆತಿರುವ ಕನ್ನಡ ಶಾಸನಗಳ ಆರಂಭಕಾಲದಿಂದಲೂ ಒಂದಾಗಿ ಬಂದಿರುವಾಗ, ಅವನ್ನು ಎರಡು ಕವಲುಗಳಾಗಿ ಸೀಳಿದ್ದು ನಮ್ಮ ತಪ್ಪೇ ಹೊರತು ಕಲ್ಲುಗಳದಲ್ಲ. ಇದರ ಮೇಲೆ ‘ತಾಮ್ರಶಾಸನ’ ಎಂಬ ನಾಲ್ಕನೆಯ ಉಪಮಾದರಿಯನ್ನೂ ನಾವು ಸೇರಿಸಿದ್ದೆವು. ಮೊದಲ ಮೂರು ವಸ್ತುವಿಷಯವನ್ನು ನೋಡಿ ಮಾಡಿದ ವಿಭಾಗ, ಇದು ಬರೆದ ದ್ರವ್ಯವನ್ನು ನೋಡಿ ಮಾಡಿದ್ದು. ತಾಮ್ರಪಟಗಳು ಬಹುತೇಕ ಎಲ್ಲವೂ ದಾನಗಳೇ ಎಂಬುದನ್ನು ಪ್ರಥಮ ವರ್ಷದ ವಿದ್ಯಾರ್ಥಿಯೂ ಬಲ್ಲ. ನಮಗೆ ಆಗ ಹೊಳೆಯಲಿಲ್ಲ.

ಇಲ್ಲಿ ಒಂದು ಸೂಕ್ಷ್ಮವಾದ ಸಂಗತಿಯಿದೆ. ಈ ಚೌಕಟ್ಟಿನ ಗುಣದೋಷಗಳೆರಡೂ ಅಲ್ಲಿಯೇ ಇವೆಯೆಂದು ನಮಗೆ ತೋರುತ್ತದೆ. ಕೋಷ್ಟಕಗಳ ಮಟ್ಟದಲ್ಲಿ ನೋಡಿದರೆ, ಶಾಸನದ ಒಂದೇ ಸಾಲಿಗೆ ದಾನಶಾಸನದ ಕೋಷ್ಟಕದಲ್ಲಿ ಒಂದು ಸಾಲೂ ವೀರಗಲ್ಲಿನ ಕೋಷ್ಟಕದಲ್ಲಿ ಇನ್ನೊಂದು ಸಾಲೂ ಇರುವುದಕ್ಕೆ ಯಾವ ಅಡ್ಡಿಯೂ ಇಲ್ಲ. ದತ್ತಸಂಚಯ ಅದನ್ನು ನಿರಾಕರಿಸುವುದಿಲ್ಲ. ನಿರಾಕರಿಸುವುದು ಮೇಲಿನ ಭಾಷೆ. ಅದರಲ್ಲಿ ಒಂದು ವಸ್ತು ಒಂದು ವರ್ಗಕ್ಕೆ ಸೇರಿದ್ದು. ಹೀಗೆ ಕೆಳಗಿನ ಮನೆಯಲ್ಲಿ ಒಂದು ವ್ಯಾಕರಣ, ಮೇಲಿನ ಮನೆಯಲ್ಲಿ ಇನ್ನೊಂದು. ಮೂಲಮಾದರಿಯ ಮೂಲಕ ಎಲ್ಲ ಶಾಸನಗಳನ್ನೂ ಕರೆದರೆ ಬರುವುದು ಬರಿಯ ಶಾಸನಗಳೇ. ಯಾವುದು ದಾನ, ಯಾವುದು ವೀರಗಲ್ಲು ಎಂಬುದನ್ನು ಅವು ತಾವಾಗಿ ಹೇಳವು. ಒಂದೊಂದನ್ನೂ ‘ನಿನಗೆ ಈ ಕೋಷ್ಟಕದಲ್ಲಿ ಸಾಲುಂಟೆ?’ ಎಂದು ಕೇಳಿ ತಿಳಿಯಬೇಕು. ಈ ಕೊರತೆಯನ್ನು ತುಂಬಲು ಹೊರಗಿನವರು ರಚಿಸಿದ ಉಪಕರಣಗಳಿವೆ. ಅವು ಎಷ್ಟೇ ಜಾಣ್ಮೆಯವಾಗಿದ್ದರೂ ಎರಡು ವ್ಯಾಕರಣಗಳ ವಿರೋಧವನ್ನು ಮುಚ್ಚುತ್ತವೆಯೇ ಹೊರತು ಕಳೆಯುವುದಿಲ್ಲ.

ಈಗ ನಮಗೆ ಆದ ಹಾನಿಯ ವಿಚಾರ. ಒಂದು ಗ್ರಾಮದೇಗುಲದ ಬಳಿ ದೊರೆತ ಕಲ್ಲನ್ನು ಮೊದಲು ದಾನಶಾಸನವೆಂದು ನಮೂದಿಸಿದ್ದೆವು. ನಮ್ಮ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬಳು ಸಂಜೆಯ ಓರೆಬೆಳಕಿನಲ್ಲಿ ಕುಳಿತು ಅದರ ಸವೆದ ಪಂಕ್ತಿಗಳನ್ನು ಓದಿ, ಅದು ನೆತ್ತರುಗೊಡಗೆಯ ಕಲ್ಲೆಂದು ತೋರಿಸಿಕೊಟ್ಟಳು. ತನ್ನ ವಾಚನವನ್ನು ಪಂಕ್ತಿಶಃ ಸೂಚಿಯಲ್ಲಿ ಬರೆದಳು. ಅಷ್ಟಾದ ಮೇಲೆ ಅದನ್ನು ವೀರಗಲ್ಲುಗಳ ಸಾಲಿಗೆ ಸೇರಿಸಬೇಕಷ್ಟೆ. ಒಂದು ಉಪಮಾದರಿಯಿಂದ ಇನ್ನೊಂದಕ್ಕೆ ಸಾಗಿಸುವ ನೇರವಾದ ಮಾರ್ಗ ಚೌಕಟ್ಟಿನಲ್ಲಿ ಇಲ್ಲ. ದಾನಶಾಸನವೆಂಬ ನಮೂದನ್ನು ಅಳಿಸಿ ವೀರಗಲ್ಲೆಂದು ಹೊಸದಾಗಿ ಬರೆಯೋಣವೆಂದು ನಾವೇ ನಿಶ್ಚಯಿಸಿ ಅಳಿಸಿದೆವು. ಉಪಮಾದರಿಯ ಸಾಲನ್ನು ಅಳಿಸಿದರೆ ಮೂಲಕೋಷ್ಟಕದ ಸಾಲೂ ಅಳಿಯುತ್ತದೆ. ಅದು ಅಳಿದರೆ ಅದಕ್ಕೆ ಕಟ್ಟಿದ್ದ ಛಾಯಾಚಿತ್ರದ ವಿವರವೂ ವಾಚನವೂ ಅಳಿಯುತ್ತವೆ. ಹಾಗೆಯೇ ಆಯಿತು. ಹಿಂದಿನ ವಾರದ ರಕ್ಷಾಪ್ರತಿಯಿಂದ ಉಳಿದುದೆಲ್ಲ ಮರಳಿತು. ಆ ವಾರವೇ ಬರೆದಿದ್ದ ವಾಚನ ಮರಳಲಿಲ್ಲ. ಕಲ್ಲಿಗೆ ಮತ್ತೆ ಹೋಗಿ ಓದೋಣವೆಂದರೆ, ಅಷ್ಟರಲ್ಲಿ ಜೀರ್ಣೋದ್ಧಾರ ನಡೆದು ಅದು ಜಗುಲಿಯ ಕಟ್ಟಡದೊಳಕ್ಕೆ ಸೇರಿಹೋಗಿದ್ದಿತು. ವಿದ್ಯಾರ್ಥಿನಿಯ ಕೈಪುಸ್ತಕದಲ್ಲಿ ನಾಲ್ಕು ಪಂಕ್ತಿಗಳ ಕರಡು ಮಾತ್ರ ಇದೆ.

ನ್ಯಾಯವಾಗಿ ಹೇಳಬೇಕಾದರೆ, ಅಳಿಸುವ ಮುನ್ನ ಏನೇನು ಅಳಿಯುತ್ತದೆಂಬ ಪಟ್ಟಿಯನ್ನು ಯಂತ್ರವು ತೆರೆಯ ಮೇಲೆ ತೋರಿಸಿದ್ದಿತು; ನಾವು ಓದಲಿಲ್ಲ. ಮೂಲಸಾಲನ್ನು ಉಳಿಸಿಕೊಂಡು ಉಪಸಾಲನ್ನು ಮಾತ್ರ ಅಳಿಸುವ ಸೌಲಭ್ಯವೂ 2015ರ 1.9 ಆವೃತ್ತಿಯಿಂದ ಇದೆ, ನಾವು ತಿಳಿದಿರಲಿಲ್ಲ. ಶಾಸನವನ್ನು ಓದಬಲ್ಲವರು ತೆರೆಯ ಮೇಲಿನ ನಾಲ್ಕು ಸಾಲುಗಳನ್ನು ಓದದೆ ಹೋದೆವೆಂಬ ಆಕ್ಷೇಪಣೆಗೆ ನಮ್ಮಲ್ಲಿ ಉತ್ತರವಿಲ್ಲ. ಆದರೆ ಆ ಸೌಲಭ್ಯವನ್ನು ವಿಶೇಷವಾಗಿ ಕೇಳಿ ಪಡೆಯಬೇಕು, ಕೇಳದಿದ್ದರೆ ಎಲ್ಲವೂ ಹೋಗುತ್ತದೆ ಎಂಬುದು ಆಕಸ್ಮಿಕವಲ್ಲ. ‘ದಾನಶಾಸನವು ಒಂದು ಶಾಸನ’ ಎಂಬ ವಾಕ್ಯವನ್ನು ಚೌಕಟ್ಟು ಅಕ್ಷರಶಃ ನಂಬಿದೆ. ದಾನಶಾಸನ ಇಲ್ಲವಾದರೆ ಆ ಶಾಸನವೂ ಇಲ್ಲ. ಜ್ಯಾಂಗೊದ ಅಧಿಕೃತ ವಿವರಣೆಯಲ್ಲಿ ಬಹುಕೋಷ್ಟಕ ದಾಯಕ್ಕೆ ಕೊಟ್ಟಿರುವ ಉದಾಹರಣೆ ‘ಸ್ಥಳ’ ಮತ್ತು ‘ಉಪಾಹಾರಗೃಹ’. ಆ ನಿಯಮದಂತೆ ಹೋಟೆಲಿನ ಸಾಲನ್ನು ಅಳಿಸಿದವನು ಅದಿದ್ದ ವಿಳಾಸವನ್ನೂ ಅಳಿಸಿದಂತಾಗುತ್ತದೆ. ನಾವು ಅಳಿಸಬಯಸಿದುದು ಒಂದು ಅಭಿಪ್ರಾಯವನ್ನು. ಯಂತ್ರ ಅಳಿಸಿದುದು ಕಲ್ಲನ್ನು. ಅಭಿಪ್ರಾಯವೂ ಕಲ್ಲೂ ಒಂದೇ ಎಂದು ನಾವೇ ಅದಕ್ಕೆ ಬರೆದುಕೊಟ್ಟಿದ್ದೆವು.

ಗಣಕವಿಜ್ಞಾನದ ಮಿತ್ರರೊಬ್ಬರು ಇದನ್ನು ಕೇಳಿ, ದಾಯದಿಂದ ಶಿಸ್ತು ಬರುತ್ತದೆ, ದಾನಶಾಸನವೆಂದ ಮೇಲೆ ದಾನಿಯ ಹೆಸರು ಇರಲೇಬೇಕೆಂದು ವಿಧಿಸಬಹುದು ಎಂದು ವಾದಿಸಿದರು. ಮುಂದೆ ಉತ್ಪನ್ನವಾಗಲಿರುವ ವಸ್ತುಗಳಿಗೆ ಇದು ಒಪ್ಪತಕ್ಕ ಮಾತು. ಆದರೆ ದಾನಿಯ ಹೆಸರಿದ್ದ ಪಂಕ್ತಿಯೇ ಒಡೆದುಹೋಗಿರುವ ಕಲ್ಲುಗಳನ್ನು ನಾವು ವಾರಕ್ಕೊಂದರಂತೆ ನೋಡುತ್ತೇವೆ.

ಈ ಸಂದರ್ಭದಲ್ಲಿ ಬಿ. ಎಲ್. ರೈಸರ ಕ್ರಮ ನೆನಪಾಗುತ್ತದೆ. 1886ರಲ್ಲಿ ಕೊಡಗಿನ ಶಾಸನಗಳ ಸಂಪುಟದಿಂದ ಆರಂಭವಾದ ಎಪಿಗ್ರಾಫಿಯ ಕರ್ನಾಟಿಕ ಮಾಲೆಯಲ್ಲಿ ಅವರು ಸುಮಾರು 9,000 ಶಾಸನಗಳನ್ನು ಹೊರತಂದರು. ಅವಕ್ಕೆ ಕೊಟ್ಟ ಗುರುತು ಬಹುಮಟ್ಟಿಗೆ ತಾಲ್ಲೂಕಿನ ಹೆಸರು ಮತ್ತು ಒಂದು ಅಂಕೆ. ದಾನವೋ ವೀರಗಲ್ಲೋ ಎಂಬುದು ಗುರುತಿನಲ್ಲಿ ಸೇರಿಲ್ಲ. ರೈಸರು ಕೊಟ್ಟ ಕಾಲನಿರ್ಣಯಗಳನ್ನೂ ಪಾಠಗಳನ್ನೂ ಮುಂದಿನವರು ಅನೇಕ ಕಡೆ ತಿದ್ದಿದ್ದಾರೆ. ತಾಲ್ಲೂಕುಗಳ ಗಡಿಯೂ ಬದಲಾಗಿದೆ. ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಪರಿಷ್ಕೃತ ಸಂಪುಟಗಳನ್ನು ತಂದಿದ್ದರೂ ಹಳೆಯ ಸಂಖ್ಯೆಯಿಂದ ಇಂದಿಗೂ ಆ ಕಲ್ಲುಗಳನ್ನು ಗುರುತಿಸಬಹುದು. ಕಲ್ಲು ನಿಂತಿದ್ದ ಊರನ್ನು ಹಿಡಿದ ಗುರುತು, ಅದರ ಅರ್ಥವನ್ನು ಕುರಿತ ವಾದಗಳಿಗೆ ಸಿಕ್ಕದೆ ಉಳಿದಿದೆ.

ಈ ಅನುಭವದ ಮೇಲೆ ಸೂಚಿಯನ್ನು ಹೊಸದಾಗಿ ಕಟ್ಟಿದ್ದೇವೆ. ‘ಶಾಸನ’ ಎಂಬುದು ಈಗ ಒಂದು ಸ್ವತಂತ್ರ ಮಾದರಿ. ಅದರಿಂದ ಯಾವುದೂ ಹುಟ್ಟುವುದಿಲ್ಲ. ದಾನದ ವಿವರ, ವೀರನ ವಿವರ ಮುಂತಾದವು ಬೇರೆ ಮಾದರಿಗಳಾಗಿದ್ದು ಶಾಸನವನ್ನು ಕೊಂಡಿಯಿಂದ ತೋರಿಸುತ್ತವೆ. ಒಳಗಿನ ಕೋಷ್ಟಕಗಳನ್ನು ಮೊದಲಿನವುಗಳೊಡನೆ ಹೋಲಿಸಿದರೆ ಭೇದ ಬಹಳ ಅಲ್ಪ; ಆಗ ಚೌಕಟ್ಟು ಹೊಸೆದಿದ್ದ ಕೊಂಡಿಯನ್ನು ಈಗ ನಾವೇ ಬರೆದಿದ್ದೇವೆ, ಅಷ್ಟೆ. ಆದರೆ ವಿವರವನ್ನು ಅಳಿಸಿದರೆ ಶಾಸನ ಅಳಿಯುವುದಿಲ್ಲ. ಒಂದೇ ಕಲ್ಲಿಗೆ ಎರಡು ಮೂರು ವಿವರಗಳಿದ್ದರೂ ತಡೆಯಿಲ್ಲ. ಇದರ ಜೊತೆಗೆ ‘ನಿರ್ಣಯ’ ಎಂಬ ಇನ್ನೊಂದು ಕೋಷ್ಟಕವಿದೆ: ಯಾವ ಶಾಸನ, ಯಾವ ಜಾತಿ, ಯಾರು ಹೇಳಿದರು, ಯಾವಾಗ, ಯಾವ ಆಧಾರದ ಮೇಲೆ. ಹೊಸ ನಿರ್ಣಯ ಬಂದರೆ ಹಳೆಯದನ್ನು ಅಳಿಸುವುದಿಲ್ಲ, ಹೊಸದನ್ನು ಸೇರಿಸುತ್ತೇವೆ. ನಮೂನೆಗಳನ್ನು ತುಂಬುವ ಕೆಲಸ ಮೊದಲಿಗಿಂತ ಹೆಚ್ಚಾಗಿದೆಯೆಂಬುದನ್ನು ಮರೆಮಾಚುವುದಿಲ್ಲ.

ದಾಯವನ್ನು ಸಂಪೂರ್ಣವಾಗಿ ಬಿಟ್ಟಿಲ್ಲ. ನಮೂದಿಸಿದ ದಿನ, ನಮೂದಿಸಿದವರು, ಕೊನೆಗೆ ತಿದ್ದಿದ ದಿನ ಎಂಬ ಅಂಕಣಗಳು ಎಲ್ಲ ಕೋಷ್ಟಕಗಳಿಗೂ ಬೇಕು. ಅವನ್ನು ಒಂದು ಅಮೂರ್ತ ಮಾದರಿಯಲ್ಲಿಟ್ಟಿದ್ದೇವೆ. ಅವುಗಳಿಂದ ಯಾವ ಶಾಸನವೂ ಯಾವ ಜಾತಿಗೂ ಸೇರುವುದಿಲ್ಲವಾದ್ದರಿಂದ ಅಪಾಯವಿಲ್ಲ. ಪ್ರಾಕ್ಸಿ ಮಾದರಿ ಇನ್ನೂ ಹೆಚ್ಚು ಉಪಯುಕ್ತವೆಂದು ಕಂಡಿದೆ. ಅದಕ್ಕೆ ಸ್ವಂತ ಕೋಷ್ಟಕವಿಲ್ಲ, ಹೊಸ ಅಂಕಣಗಳನ್ನು ಅದು ಸೇರಿಸಲಾರದು. ಇರುವ ಕೋಷ್ಟಕವನ್ನೇ ಬೇರೊಂದು ಕ್ರಮದಲ್ಲಿ ತೋರಿಸಬಲ್ಲದು. ತೇದಿಯಿಲ್ಲದ ಶಾಸನಗಳನ್ನು ಮಾತ್ರ ಆರಿಸಿ ಲಿಪಿಯ ಆಧಾರದಿಂದ ಜೋಡಿಸಿ ನೋಡಲು ಅಂಥದೊಂದನ್ನು ಬಳಸುತ್ತಿದ್ದೇವೆ. ಮೂರರಲ್ಲಿ ಅತ್ಯಂತ ಬಡದೆಂದು ಮೊದಲು ನಾವು ಕಡೆಗಣಿಸಿದ್ದುದು ಇದನ್ನೇ.

ಆತಕೂರಿನ ಕಲ್ಲು ಹೊಸ ಸೂಚಿಯಲ್ಲಿ ಒಂದೇ ಸಂಖ್ಯೆಯ ಕೆಳಗೆ ಮೂರು ನಿರ್ಣಯಗಳೊಡನೆ ಇದೆ. ಒಂದು ತೊಡಕು ಮಾತ್ರ ಉಳಿದಿದೆ. ವೀರನ ವಿವರದಲ್ಲಿ ‘ವೀರ’ ಎಂಬ ಅಂಕಣವು ‘ವ್ಯಕ್ತಿ’ ಎಂಬ ಕೋಷ್ಟಕವನ್ನು ತೋರಿಸುವಂತೆ ಬರೆದಿದ್ದೆವು; ಆ ಕೋಷ್ಟಕದಲ್ಲಿ ತಂದೆಯ ಹೆಸರು, ಕುಲ, ಅಧಿಕಾರ ಮುಂತಾದ ಅಂಕಣಗಳಿವೆ. ಕಾಳಿಯನ್ನು ಎಲ್ಲಿ ಸೇರಿಸಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ. ಸದ್ಯಕ್ಕೆ ಅದರ ಹೆಸರನ್ನು ಷರಾ ಅಂಕಣದಲ್ಲಿ ಬರೆದಿದ್ದೇವೆ.